577ರಿಂದ ಶುರು ಮಾಡಿ: ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕಿ ಪರೀಕ್ಷಿಸುವ ಬಗೆ

ದಾವಣಗೆರೆಯ ಪಿನ್‌ಕೋಡ್ 577001, ಚಿತ್ರದುರ್ಗದ್ದು 577501. ಎರಡೂ ಬೆಸ ಸಂಖ್ಯೆ. 3ಕ್ಕೂ ಭಾಗವಾಗುವುದಿಲ್ಲ, 5ಕ್ಕೂ ಇಲ್ಲ. ಹಾಗಾದರೆ ಇವು ಅವಿಭಾಜ್ಯವೇ? ಕ್ಯಾಲ್ಕುಲೇಟರ್ ಹಿಡಿದು 7, 11, 13, 17, 19 ಅಂತ ಭಾಗಿಸುತ್ತಾ ಹೋಗಿ. ದಾವಣಗೆರೆ 23ಕ್ಕೇ ಒಡೆಯುತ್ತದೆ: 23 × 25,087. ಚಿತ್ರದುರ್ಗ ಅಷ್ಟು ಬೇಗ ಜಗ್ಗುವುದಿಲ್ಲ. 31ರಲ್ಲಿ ಶೇಷ 2, 199ರಲ್ಲಿ ಶೇಷ 3, ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ತಪ್ಪಿಸಿಕೊಳ್ಳುತ್ತದೆ. ಕೋಟೆಯ ಕಿಂಡಿ ಸಿಗುವುದು 271ರಲ್ಲಿ: 271 × 2,131. ಅವಿಭಾಜ್ಯಗಳ ಸಾಲಿನಲ್ಲಿ 23 ಒಂಬತ್ತನೆಯದು, 271 ಐವತ್ತೆಂಟನೆಯದು. ಅಲ್ಲೂ ಸಿಗದಿದ್ದರೆ ವರ್ಗಮೂಲದವರೆಗೆ, ಅಂದರೆ 759ರವರೆಗೆ ಹೋಗಬೇಕಿತ್ತು. ಒಟ್ಟು 134 ಭಾಗಾಕಾರ. ವರ್ಗಮೂಲದ ಆಚೆ ಹೋಗುವ ಅಗತ್ಯವಿಲ್ಲ. ದೊಡ್ಡ ಅಪವರ್ತನ ಇದ್ದರೆ ಅದರ ಜೋಡಿ ಈಚೆಗೇ ಸಿಕ್ಕಿರುತ್ತದೆ.

ಆರಂಕಿಯ ಸಂಖ್ಯೆಗೆ ಇಷ್ಟು ಸಾಕು. ನೂರಂಕಿಯ ಸಂಖ್ಯೆಗೆ ಇದೇ ದಾರಿ ಹಿಡಿದರೆ ವರ್ಗಮೂಲವೇ ಐವತ್ತಂಕಿ ಆಗುತ್ತದೆ. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೆ ವಿಶ್ವದ ವಯಸ್ಸಾದ 1,380 ಕೋಟಿ ವರ್ಷ ಕೊಟ್ಟರೂ ಕೆಲಸದ ಒಂದು ಚೂರು ಮುಗಿದಿರುವುದಿಲ್ಲ. ಆದ್ದರಿಂದ ದೊಡ್ಡ ಸಂಖ್ಯೆಗಳಲ್ಲಿ ಭಾಗಿಸಿ ನೋಡುವುದು ಮೊದಲ ಜರಡಿಗೆ ಮಾತ್ರ. ಆಮೇಲಿನ ಕೆಲಸವೆಲ್ಲ ಘಾತ ಮತ್ತು ಶೇಷದ್ದು.

ಫರ್ಮಾ ಪರೀಕ್ಷೆ, ಅದು ಮೋಸ ಹೋಗುವ ಜಾಗ

ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದಕ್ಕೆ ಭಾಗವಾಗದ ಯಾವುದೇ ಆಧಾರವನ್ನು (ಉದಾಹರಣೆಗೆ 2) 'ಸಂಖ್ಯೆ ಕಳೆ 1' ಘಾತಕ್ಕೆ ಏರಿಸಿ ಅದೇ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಬೇರೆ ಶೇಷ ಬಂದರೆ ಆ ಸಂಖ್ಯೆ ಅವಿಭಾಜ್ಯವಲ್ಲ, ಮಾತು ಮುಗಿಯಿತು. ಅದರ ಅಪವರ್ತನ ಯಾವುದು ಅಂತ ತಿಳಿಯದಿದ್ದರೂ 'ಅಲ್ಲ' ಅನ್ನುವುದು ಮಾತ್ರ ಖಚಿತ.

1 ಬಂದರೆ? ಅಲ್ಲೇ ಎಡವಟ್ಟು. 341 ತೆಗೆದುಕೊಳ್ಳಿ. 2¹⁰ = 1024, ಅದು 3 × 341 + 1. ಹಾಗಾಗಿ 2¹⁰ರ ಶೇಷ 1, ಅದನ್ನು 34 ಸಲ ಗುಣಿಸಿದ 2³⁴⁰ರ ಶೇಷವೂ 1. ಆದರೆ 341 = 11 × 31. ಆಧಾರ ಬದಲಿಸಿ 3 ಹಾಕಿದರೆ 341 ಸಿಕ್ಕಿಬೀಳುತ್ತದೆ. ಎಲ್ಲರೂ ಹೀಗೆ ಸಿಕ್ಕಿಬೀಳುವುದಿಲ್ಲ. 561 = 3 × 11 × 17 ಎಂಬ ಸಂಖ್ಯೆ ತನ್ನ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಪ್ರತಿಯೊಂದು ಆಧಾರಕ್ಕೂ 1 ಅನ್ನೇ ಕೊಡುತ್ತದೆ. ಇಂಥವಕ್ಕೆ ಕಾರ್ಮೈಕೆಲ್ ಸಂಖ್ಯೆಗಳೆಂದು ಹೆಸರು. ಅವು ಅನಂತವಾಗಿವೆ ಎಂದು 1994ರಲ್ಲಿ ಸಾಧಿಸಿದ್ದಾರೆ. ಬರೀ ಫರ್ಮಾ ಪರೀಕ್ಷೆ ಬರೆದು 'ನನ್ನ ಪ್ರೋಗ್ರಾಂ ಅವಿಭಾಜ್ಯ ಹುಡುಕುತ್ತದೆ' ಅನ್ನುವವರಿಗೆ ಮೊದಲು 561 ಹಾಕಿ ಓಡಿಸಲು ಹೇಳಿ.

ಮಿಲ್ಲರ್–ರಾಬಿನ್: ಅದೇ ಲೆಕ್ಕ, ಮಧ್ಯದಲ್ಲಿ ಇಣುಕಿ ನೋಡುವುದು

ಕೊನೆಯ ಉತ್ತರವೊಂದನ್ನೇ ನೋಡದೆ ದಾರಿಯಲ್ಲಿ ಏನೇನು ಬಂತು ಅನ್ನುವುದನ್ನೂ ನೋಡಿದರೆ 561ರ ಗುಟ್ಟು ರಟ್ಟಾಗುತ್ತದೆ. 560ರಿಂದ 2ನ್ನು ಆದಷ್ಟು ಸಲ ಹೊರತೆಗೆಯಿರಿ: 560 = 16 × 35. ಮೊದಲು 2³⁵ರ ಶೇಷ ಕಂಡುಹಿಡಿಯಿರಿ, ಆಮೇಲೆ ವರ್ಗ ಮಾಡುತ್ತಾ ಹೋಗಿ.

2³⁵ → 263
2⁷⁰ → 166
2¹⁴⁰ → 67
2²⁸⁰ → 1

67ರ ವರ್ಗ 4,489, ಅಂದರೆ 8 × 561 + 1. ಅವಿಭಾಜ್ಯ ಸಂಖ್ಯೆಯ ಶೇಷಗಳಲ್ಲಿ ವರ್ಗ ಮಾಡಿದಾಗ 1 ಕೊಡುವವು ಎರಡೇ: 1 ಮತ್ತು −1 (ಇಲ್ಲಿ −1 ಅಂದರೆ 560). 67 ಇವೆರಡೂ ಅಲ್ಲ. ಆದ್ದರಿಂದ 561 ಸಂಯುಕ್ತ. ಇನ್ನೂ ಒಂದು ಲಾಭ ಇದೆ: 67 − 1 = 66 ಮತ್ತು 561ರ ಮ.ಸಾ.ಅ. 33; 67 + 1 = 68 ಮತ್ತು 561ರ ಮ.ಸಾ.ಅ. 17. ಭಾಗಿಸದೆಯೇ 33 × 17 ಕೈಗೆ ಬಂತು. ಇಂಥ ಅದೃಷ್ಟ ಎಲ್ಲ ಸಂಯುಕ್ತ ಸಂಖ್ಯೆಗಳಲ್ಲೂ ಇರುವುದಿಲ್ಲ, ಬಂದಾಗ ಬಿಡಬೇಡಿ.

ಪಾಸಾಗುವ ನಿಯಮ ಇಷ್ಟು: ಸಾಲಿನ ಮೊದಲ ಶೇಷವೇ 1 ಆಗಿರಬೇಕು, ಇಲ್ಲವೇ ಸಾಲಿನಲ್ಲಿ ಎಲ್ಲಾದರೂ −1 ಬರಬೇಕು. ಪ್ರೋಗ್ರಾಂ ಬರೆಯುವಾಗ ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಮೊದಲ ಶೇಷವೇ −1 ಆಗಿರುವುದನ್ನು ಪರೀಕ್ಷಿಸದೆ ನೇರ ವರ್ಗಕ್ಕೆ ಹೋಗುವುದು. ಆಗ ನಿಜವಾದ ಅವಿಭಾಜ್ಯಗಳೇ ಫೇಲ್ ಆಗುತ್ತವೆ. ಇನ್ನೊಂದು, ಒಂದು ಸಲ ಜಾಸ್ತಿ ವರ್ಗ ಮಾಡುವುದು. 16 = 2⁴ ಆದ್ದರಿಂದ ಸಾಲಿನಲ್ಲಿ ನೋಡಬೇಕಾದ್ದು ನಾಲ್ಕೇ ಶೇಷ, ಐದಲ್ಲ.

ಇದಕ್ಕೂ ಸುಳ್ಳು ಸಾಕ್ಷಿಗಳಿವೆ. 2 ಒಂದನ್ನೇ ಆಧಾರ ಮಾಡಿಕೊಂಡರೆ ಮೋಸ ಹೋಗುವ ಮೊದಲ ಸಂಖ್ಯೆ 2047 = 23 × 89. ಆದರೆ ಇಲ್ಲಿ ಒಂದು ಗ್ಯಾರಂಟಿ ಇದೆ: ಯಾವುದೇ ಬೆಸ ಸಂಯುಕ್ತ ಸಂಖ್ಯೆಯನ್ನು ಪಾಸ್ ಮಾಡಿಸುವ ಆಧಾರಗಳು ಒಟ್ಟು ಆಧಾರಗಳ ಕಾಲು ಭಾಗ ಮೀರುವುದಿಲ್ಲ. ಹಾಗಾಗಿ ಯಾದೃಚ್ಛಿಕವಾಗಿ (ಚೀಟಿ ಎತ್ತಿದಂತೆ) ಆರಿಸಿದ 40 ಆಧಾರಗಳನ್ನೂ ದಾಟಿ ಬರುವ ಸಾಧ್ಯತೆ 4⁴⁰ರಲ್ಲಿ ಒಂದಕ್ಕಿಂತ ಕಡಿಮೆ. 

ಸಣ್ಣ ಸಂಖ್ಯೆಗಳಿಗೆ ಅದೃಷ್ಟದ ಮಾತೇ ಬೇಡ. 2, 3, 5, 7 ಈ ನಾಲ್ಕನ್ನೂ ಮೋಸ ಮಾಡುವ ಅತಿ ಸಣ್ಣ ಸಂಖ್ಯೆ 3,21,50,31,751. ಅದಕ್ಕಿಂತ ಕೆಳಗೆ ನಾಲ್ಕು ಆಧಾರ ಸಾಕು. 2⁶⁴ರವರೆಗಿನ ಯಾವ ಸಂಖ್ಯೆಗಾದರೂ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳನ್ನು ಆಧಾರವಾಗಿ ಹಾಕಿದರೆ ಬರುವ 'ಹೌದು' ಕೂಡ ಖಚಿತವೇ.

ಇದನ್ನು ನೋಡಿ ದೊಡ್ಡ ಸಂಖ್ಯೆಗಳಿಗೂ ಅದೇ ಹನ್ನೆರಡು ಆಧಾರ ಸಾಕು ಅಂದುಕೊಳ್ಳಬೇಡಿ. ನೀವು ಯಾವ ಆಧಾರ ಹಾಕುತ್ತೀರಿ ಅಂತ ಮೊದಲೇ ಗೊತ್ತಿದ್ದರೆ, ಬೇಕೆಂದೇ ಅದಕ್ಕೆ ತಕ್ಕ ಸಂಯುಕ್ತ ಸಂಖ್ಯೆ ಕಟ್ಟಿಕೊಡಬಹುದು. ಫ್ರಾನ್ಸ್‌ನ ಆರ್ನೋ 1995ರಲ್ಲಿ 397 ಅಂಕಿಯ ಅಂಥ ಸಂಖ್ಯೆಯೊಂದನ್ನು ಕಟ್ಟಿ ತೋರಿಸಿದರು. 307ಕ್ಕಿಂತ ಕಡಿಮೆಯ ಎಲ್ಲ ಅವಿಭಾಜ್ಯ ಆಧಾರಗಳಿಗೂ ಅದು ಪಾಸಾಗುತ್ತದೆ. ಬೇರೆಯವರು ಕೊಟ್ಟ ಸಂಖ್ಯೆಯಾದರೆ ಆಧಾರಗಳನ್ನು ನೀವೇ ಯಾದೃಚ್ಛಿಕವಾಗಿ ಆರಿಸಿ.

1024 ಬಿಟ್‌ನ ಅವಿಭಾಜ್ಯ ಹುಟ್ಟಿಸುವುದು

2048 ಬಿಟ್‌ನ ಆರ್‌ಎಸ್‌ಎ ಕೀಲಿಗೆ 1024 ಬಿಟ್‌ನ ಎರಡು ಅವಿಭಾಜ್ಯ ಬೇಕು. ಆರ್‌ಎಸ್‌ಎ ಅಂದರೆ ಅಂತರ್ಜಾಲದ ಮಾಹಿತಿಗೆ ಬೀಗ ಹಾಕುವ ಗೂಢಲಿಪಿ ವಿಧಾನ, ಬಿಟ್ ಅಂದರೆ 0 ಅಥವಾ 1 ಎಂಬ ಒಂದು ದ್ವಿಮಾನ ಅಂಕಿ; ಆ ಎರಡು ಅವಿಭಾಜ್ಯಗಳ ಗುಣಲಬ್ಧವೇ ಕೀಲಿಯಲ್ಲಿ ಇರುವುದು. ಒಂದೊಂದೂ ಸುಮಾರು 309 ಅಂಕಿ. ಈ ಗಾತ್ರದಲ್ಲಿ ಸರಾಸರಿ 710 ಸಂಖ್ಯೆಗೆ ಒಂದು ಅವಿಭಾಜ್ಯ, ಬೆಸ ಸಂಖ್ಯೆ ಮಾತ್ರ ನೋಡಿದರೆ 355ಕ್ಕೆ ಒಂದು. 2ರ ಸ್ವಾಭಾವಿಕ ಲಾಗರಿದಮ್ 0.693, ಅದನ್ನು 1024ರಿಂದ ಗುಣಿಸಿದರೆ ಈ 710 ಬರುತ್ತದೆ. ಬೇರೆ ಗಾತ್ರಕ್ಕೂ ಲೆಕ್ಕ ಇದೇ.

ಮೊದಲು 1024 ಯಾದೃಚ್ಛಿಕ ಬಿಟ್ ತೆಗೆದುಕೊಳ್ಳಿ. ಕೊನೆಯ ಬಿಟ್ 1 ಮಾಡಿ, ಸಂಖ್ಯೆ ಬೆಸವಾಗುತ್ತದೆ. ಮೇಲಿನ ಎರಡು ಬಿಟ್‌ಗಳನ್ನೂ 1 ಮಾಡಿ. ಮೇಲಿನ ಒಂದೇ ಬಿಟ್ ಹಾಕಿ ಬಿಟ್ಟರೆ ಎರಡು ಅವಿಭಾಜ್ಯಗಳ ಗುಣಲಬ್ಧ ಕೆಲವೊಮ್ಮೆ 2047 ಬಿಟ್‌ಗೇ ನಿಲ್ಲುತ್ತದೆ, ಎರಡು ಹಾಕಿದರೆ ಪೂರ್ತಿ 2048 ಬರುತ್ತದೆ.

ಆಮೇಲೆ ಜರಡಿ. ಮಂಡಕ್ಕಿ ಭಟ್ಟಿಯಲ್ಲಿ ಮರಳನ್ನು ಒಂದೊಂದೇ ಕಣ ಹೆಕ್ಕಿ ತೆಗೆಯುತ್ತಾರೆಯೇ? ಜರಡಿ ಅಲ್ಲಾಡಿಸಿದರೆ ತಾನೇ ಉದುರುತ್ತದೆ. ಇಲ್ಲೂ ಹಾಗೆಯೇ, ಆರಂಭದ ಸಂಖ್ಯೆಯಿಂದ ಮುಂದಿನ 4,000 ಬೆಸ ಸಂಖ್ಯೆಗಳಿಗೆ ಒಂದು ಪಟ್ಟಿ ಮಾಡಿಕೊಳ್ಳಿ. 10,000ದೊಳಗೆ 1,229 ಅವಿಭಾಜ್ಯಗಳಿವೆ. ಆರಂಭದ ಸಂಖ್ಯೆಯನ್ನು ಪ್ರತಿಯೊಂದರಿಂದ ಒಂದೇ ಸಲ ಭಾಗಿಸಿ ಶೇಷ ಬರೆದಿಟ್ಟುಕೊಂಡರೆ, ಪಟ್ಟಿಯಲ್ಲಿ ಎಲ್ಲೆಲ್ಲಿ ಆ ಅವಿಭಾಜ್ಯದ ಗುಣಕ ಬೀಳುತ್ತದೆ ಅನ್ನುವುದು ಸಣ್ಣ ಕೂಡಿಕೆಯಲ್ಲೇ ಗೊತ್ತಾಗುತ್ತದೆ. 309 ಅಂಕಿಯ ಸಂಖ್ಯೆಯನ್ನು ಮತ್ತೆ ಮತ್ತೆ ಭಾಗಿಸುವ ಕೆಲಸ ಇಲ್ಲ. ಈ ಜರಡಿ ದಾಟಿ ಉಳಿಯುವವು ಬೆಸ ಸಂಖ್ಯೆಗಳಲ್ಲಿ ನೂರಕ್ಕೆ ಸುಮಾರು ಹನ್ನೆರಡು. ಹಾಗಾಗಿ ಮಿಲ್ಲರ್–ರಾಬಿನ್ ಓಡಿಸಬೇಕಾದ್ದು ಸರಾಸರಿ 355 ಸಲ ಅಲ್ಲ, 43 ಸಲ. ಆ 43ರಲ್ಲೂ ಹೆಚ್ಚುಕಮ್ಮಿ ಎಲ್ಲವೂ ಮೊದಲ ಆಧಾರಕ್ಕೇ ಬೀಳುತ್ತವೆ. ಮೊದಲ ಆಧಾರ ದಾಟಿದ ಒಂದಕ್ಕೆ ಮಾತ್ರ ಉಳಿದ ಆಧಾರಗಳನ್ನು ಓಡಿಸಿ. ಪ್ರತಿಯೊಂದಕ್ಕೂ 40 ಆಧಾರ ಮುಗಿಸಿಯೇ ತೀರ್ಪು ಕೊಡುವ ಪ್ರೋಗ್ರಾಂ ಸುಮ್ಮನೆ ಹೊತ್ತು ಕಳೆಯುತ್ತದೆ.

ಜರಡಿಯ ಮಿತಿಯನ್ನು 10,000ದಿಂದ ಹತ್ತು ಲಕ್ಷಕ್ಕೆ ಏರಿಸಿದರೆ? ಉಳಿಯುವ ಪ್ರಮಾಣ ಹನ್ನೆರಡರಿಂದ ಎಂಟಕ್ಕೆ ಇಳಿಯುತ್ತದೆ, ಅಷ್ಟೇ. ಈ ಗಾತ್ರಕ್ಕೆ ಅದು ದಂಡ. ಸಂಖ್ಯೆ ಹತ್ತು ಸಾವಿರ ಅಂಕಿ ದಾಟಿದಾಗ ಒಂದೊಂದು ಪರೀಕ್ಷೆಯೇ ದುಬಾರಿ, ಆಗ ಜರಡಿಯನ್ನು ಆಳಕ್ಕೆ ಒಯ್ಯುವುದು ಲಾಭ. ಒಂದು ಅಪವರ್ತನ ಹುಡುಕಲು ಜರಡಿಗೆ ಹಿಡಿಯುವ ಸಮಯ ಒಂದು ಪರೀಕ್ಷೆಯ ಸಮಯಕ್ಕೆ ಸಮವಾದಾಗ ಜರಡಿ ನಿಲ್ಲಿಸುವುದು ರೂಢಿ.

ಯಾದೃಚ್ಛಿಕ ಬಿಟ್ ಎಲ್ಲಿಂದ ತರುತ್ತೀರಿ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೈಥಾನ್‌ನ 'ರ್‍ಯಾಂಡಮ್' ಮಾಡ್ಯೂಲ್ ಆಟಕ್ಕೆ, ಕೀಲಿಗೆ 'ಸೀಕ್ರೆಟ್ಸ್' ಮಾಡ್ಯೂಲ್. 2012ರಲ್ಲಿ ಎರಡು ಸಂಶೋಧಕ ತಂಡಗಳು ಅಂತರ್ಜಾಲದಲ್ಲಿ ಬಳಕೆಯಲ್ಲಿದ್ದ ಲಕ್ಷಾಂತರ ಕೀಲಿಗಳನ್ನು ಒಟ್ಟುಗೂಡಿಸಿ ಜೋಡಿ ಜೋಡಿಯಾಗಿ ಮ.ಸಾ.ಅ. ತೆಗೆದವು. ಎಷ್ಟೋ ಕೀಲಿಗಳಲ್ಲಿ ಒಂದು ಅವಿಭಾಜ್ಯ ಸಾಮಾನ್ಯವಾಗಿತ್ತು, ಕಾರಣ ಆಗ ತಾನೇ ಆನ್ ಆದ ಸಣ್ಣ ಉಪಕರಣಗಳಲ್ಲಿ ಸಾಕಷ್ಟು ಯಾದೃಚ್ಛಿಕತೆ ಇರಲಿಲ್ಲ. ಇಂಥ ಎರಡು ಕೀಲಿಗಳ ಮ.ಸಾ.ಅ. ತೆಗೆದರೆ ಎರಡೂ ಒಡೆದವು. ಪರೀಕ್ಷೆಯಲ್ಲಿ ಏನೂ ತಪ್ಪಿರಲಿಲ್ಲ, ಸಂಖ್ಯೆಗಳೆಲ್ಲ ನಿಜವಾಗಿ ಅವಿಭಾಜ್ಯವೇ.

ಕಂಪ್ಯೂಟರಿನಲ್ಲಿ ಕೈಕೊಡುವ ಜಾಗಗಳು

ಎಕ್ಸೆಲ್‌ನಲ್ಲಿ ಮಾಡಲು ಹೋಗಬೇಡಿ. ಅದು 15 ಅಂಕಿಯವರೆಗೆ ಮಾತ್ರ ನೆನಪಿಡುತ್ತದೆ, ಹದಿನಾರನೇ ಅಂಕಿಯಿಂದ ಸೊನ್ನೆ ತುಂಬಿಬಿಡುತ್ತದೆ. ನೀವು ಹಾಕಿದ ಬೆಸ ಸಂಖ್ಯೆ ಸದ್ದಿಲ್ಲದೆ ಸೊನ್ನೆಯಲ್ಲಿ ಮುಗಿಯುವ ಸಂಖ್ಯೆ ಆಗಿರುತ್ತದೆ.

ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ 64 ಬಿಟ್‌ನ ಪೂರ್ಣಾಂಕ ಇದ್ದರೂ ಸಂಖ್ಯೆ 2³² ದಾಟಿದ ಮೇಲೆ ಎರಡು ಶೇಷಗಳ ಗುಣಲಬ್ಧ 64 ಬಿಟ್‌ನಲ್ಲಿ ಹಿಡಿಸದೆ ಹೋಗಬಹುದು. ಎರರ್ ಬರುವುದಿಲ್ಲ, ಉತ್ತರ ತಪ್ಪಾಗುತ್ತದೆ. ಸಣ್ಣ ಸಂಖ್ಯೆಗೆ ಸರಿ, ದೊಡ್ಡದಕ್ಕೆ ಎಲ್ಲವೂ 'ಸಂಯುಕ್ತ' ಅಂತ ಬರುತ್ತಿದ್ದರೆ ಮೊದಲು ಇದನ್ನು ಅನುಮಾನಿಸಿ. ಗುಣಾಕಾರವನ್ನು 128 ಬಿಟ್‌ನಲ್ಲಿ ಮಾಡಿ.

ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿ ಇಲ್ಲ, ಕಲಿಯುವವರಿಗೆ ಅದೇ ಒಳ್ಳೆಯದು. ಆದರೆ ಘಾತವನ್ನು ಮೊದಲು ಪೂರ್ತಿ ಲೆಕ್ಕ ಹಾಕಿ ಆಮೇಲೆ ಶೇಷ ತೆಗೆಯಲು ಹೊರಟರೆ ಮೆಮರಿ ತುಂಬಿ ಯಂತ್ರ ನಿಲ್ಲುತ್ತದೆ. 'ಪೌ' ಫಂಕ್ಷನ್‌ಗೆ ಆಧಾರ, ಘಾತ, ಭಾಜಕ ಮೂರನ್ನೂ ಒಟ್ಟಿಗೆ ಕೊಡಿ. ಅದು ಹೆಜ್ಜೆ ಹೆಜ್ಜೆಗೂ ಶೇಷ ತೆಗೆಯುತ್ತಾ ಹೋಗುತ್ತದೆ. ವರ್ಗಮೂಲಕ್ಕೆ ದಶಮಾಂಶದ ಫಂಕ್ಷನ್ ಬಳಸಿದರೆ 2⁵³ ದಾಟಿದ ಮೇಲೆ ನಂಬುವಂತಿಲ್ಲ, 3.8 ಆವೃತ್ತಿಯಿಂದ ಪೂರ್ಣಾಂಕ ವರ್ಗಮೂಲದ ಫಂಕ್ಷನ್ ಬೇರೆಯೇ ಇದೆ. 3.11ರಿಂದ ಇನ್ನೊಂದು ಕಾಟ: 4,300 ಅಂಕಿಗಿಂತ ದೊಡ್ಡ ಸಂಖ್ಯೆಯನ್ನು ಪ್ರಿಂಟ್ ಮಾಡಲು ಹೋದರೆ ವ್ಯಾಲ್ಯೂ ಎರರ್. ಲೆಕ್ಕ ತಪ್ಪಿಲ್ಲ, ಅಕ್ಷರವಾಗಿ ಬರೆಯಲು ಮಾತ್ರ ಆ ಮಿತಿ. 'ಸಿಸ್' ಮಾಡ್ಯೂಲ್‌ನಲ್ಲಿ ಅದನ್ನು 0 ಮಾಡಿಕೊಂಡರೆ ತೆರೆಯುತ್ತದೆ.

ಗಾತ್ರ ಹೆಚ್ಚಿಸುವಾಗ ಸಮಯದ ಅಂದಾಜು ಇಟ್ಟುಕೊಳ್ಳಿ. ಅಂಕಿಗಳನ್ನು ಇಮ್ಮಡಿ ಮಾಡಿದರೆ ಸಾಮಾನ್ಯ ಗುಣಾಕಾರ ನಾಲ್ಕು ಪಟ್ಟು, ಘಾತದ ಹೆಜ್ಜೆ ಎರಡು ಪಟ್ಟು, ಅವಿಭಾಜ್ಯಗಳ ವಿರಳತೆ ಇನ್ನೆರಡು ಪಟ್ಟು. ಒಟ್ಟು ಹದಿನಾರು ಪಟ್ಟು.

'ಬಹುಶಃ' ಬೇಡ, ಸಾಧನೆ ಬೇಕು ಅನ್ನುವವರಿಗೆ

ಮಿಲ್ಲರ್–ರಾಬಿನ್ ದಾಟಿದ ದೊಡ್ಡ ಸಂಖ್ಯೆಯನ್ನು 'ಸಂಭವನೀಯ ಅವಿಭಾಜ್ಯ' ಅನ್ನಬೇಕು. ಬ್ಯಾಂಕ್ ವ್ಯವಹಾರಕ್ಕೆ ಇಷ್ಟು ಧಾರಾಳ, ಗಣಿತಕ್ಕೆ ಸಾಲದು, ಅಲ್ಲಿ ಸಾಧನೆ ಅಂದರೆ ಪೂರ್ತಿ ಪುರಾವೆ ಬೇಕು. ಬೈಲಿ–ಪಿಎಸ್‌ಡಬ್ಲ್ಯು ಎಂಬ ಜೋಡಿ ಪರೀಕ್ಷೆಗೆ ಇವತ್ತಿನವರೆಗೆ ಒಂದೂ ಸುಳ್ಳು ಸಾಕ್ಷಿ ಸಿಕ್ಕಿಲ್ಲ, ಹಾಗಂತ ಅದೂ ಸಾಧನೆ ಅಲ್ಲ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟ ಎಕೆಎಸ್ ವಿಧಾನ ಯಾವುದೇ ಸಂಖ್ಯೆಗೆ ಖಚಿತ ಉತ್ತರವನ್ನು ಬಹುಪದೀಯ ಸಮಯದಲ್ಲಿ, ಅಂದರೆ ಅಂಕಿಗಳು ಹೆಚ್ಚಿದಂತೆ ಸ್ಫೋಟಿಸದೆ ಹದವಾಗಿ ಬೆಳೆಯುವ ಸಮಯದಲ್ಲಿ, ಕೊಡುತ್ತದೆ. ಸಿದ್ಧಾಂತದಲ್ಲಿ ದೊಡ್ಡ ಗೆಲುವು, ಓಡಿಸಲು ಮಾತ್ರ ನಿಧಾನ. ಕೆಲಸಕ್ಕೆ ಬಳಸುವುದು ದೀರ್ಘವೃತ್ತ ವಕ್ರರೇಖೆಗಳ ವಿಧಾನ, ಅದು ಬೇರೆಯವರು ಬೇಗ ಪರಿಶೀಲಿಸಬಹುದಾದ ಪ್ರಮಾಣಪತ್ರವನ್ನೂ ಬರೆದುಕೊಡುತ್ತದೆ. ಪಾರಿ ಜಿಪಿ ಎಂಬ ಉಚಿತ ತಂತ್ರಾಂಶದಲ್ಲಿ 'ಈಸ್‌ಪ್ರೈಮ್' ಸಾಧಿಸಿ ಹೇಳುತ್ತದೆ, 'ಈಸ್‌ಸ್ಯೂಡೋಪ್ರೈಮ್' ಬಹುಶಃ ಅನ್ನುತ್ತದೆ. ಪೈಥಾನ್‌ನ ಸಿಂಪೈ ಎಂಬ ಗಣಿತ ಲೈಬ್ರರಿಯಲ್ಲಿ ಇರುವ 'ಈಸ್‌ಪ್ರೈಮ್' ಹೆಸರು ಅದೇ ಆದರೂ 2⁶⁴ರ ಆಚೆ ಹೇಳುವುದು ಬಹುಶಃ ಎಂದೇ.

ಸಂಖ್ಯೆಗೆ ವಿಶೇಷ ಆಕಾರ ಇದ್ದರೆ ಸಾಧನೆ ಅಗ್ಗವಾಗುತ್ತದೆ. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ಚಿಕ್ಕಮಗಳೂರು ನಾಲ್ಕರ ಪಿನ್‌ಕೋಡಿನ ತಲೆಯಲ್ಲೂ ಕೂತಿರುವ 577 ಅನ್ನೇ ನೋಡಿ: 577 = 9 × 2⁶ + 1. ಬೆಸ ಸಂಖ್ಯೆಯೊಂದನ್ನು ಅದಕ್ಕಿಂತ ದೊಡ್ಡದಾದ 2ರ ಘಾತದಿಂದ ಗುಣಿಸಿ 1 ಕೂಡಿಸಿದ ಈ ಆಕಾರದ್ದು (9 < 64, ಸರಿ ಇದೆ) ಪ್ರೋತ್ ಸಂಖ್ಯೆ. ನಿಯಮ: ಯಾವುದಾದರೂ ಒಂದು ಆಧಾರವನ್ನು 'ಸಂಖ್ಯೆ ಕಳೆ 1'ರ ಅರ್ಧ ಘಾತಕ್ಕೆ ಏರಿಸಿದಾಗ ಶೇಷ −1 ಬಂದರೆ ಸಂಖ್ಯೆ ಖಂಡಿತ ಅವಿಭಾಜ್ಯ. 576ರ ಅರ್ಧ 288. ಆಧಾರ 5 ಇರಲಿ.

5² = 25
5⁴ = 625 → 48
5⁸ = 48² = 2304, 4 × 577 = 2308, ಆದ್ದರಿಂದ −4
288 = 8 × 36. ಹಾಗಾಗಿ 5²⁸⁸ ಅಂದರೆ (−4)³⁶, ಅಂದರೆ 2⁷²
2⁹ = 512 → −65
2¹⁸ = 4225 → 186
2³⁶ = 34,596 → −24
2⁷² = 576 → −1

ಮುಗಿಯಿತು, 577 ಅವಿಭಾಜ್ಯ ಅಂತ ಒಂದೂ ಅಪವರ್ತನ ಹುಡುಕದೆ ಸಾಧಿಸಿದಂತಾಯಿತು. 5ರ ಬದಲು 2 ಅಥವಾ 3 ಹಾಕಿದ್ದರೆ ಶೇಷ +1 ಬರುತ್ತಿತ್ತು. ಅದು ಸಂಖ್ಯೆಯ ತಪ್ಪಲ್ಲ. ಅವಿಭಾಜ್ಯಕ್ಕೂ ಅರ್ಧದಷ್ಟು ಆಧಾರಗಳು +1 ಕೊಡುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ, ಆಧಾರ ಬದಲಿಸಿ. +1, −1 ಎರಡೂ ಅಲ್ಲದ್ದು ಬಂದರೆ ಮಾತ್ರ ಸಂಖ್ಯೆ ಸಂಯುಕ್ತ.

ಮರ್ಸೆನ್: ದಾಖಲೆಯ ದಾರಿ

ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ 2¹³⁶²⁷⁹⁸⁴¹ − 1. 2024ರ ಅಕ್ಟೋಬರ್‌ನಲ್ಲಿ ಗಿಂಪ್ಸ್ ಎಂಬ, ಸ್ವಯಂಸೇವಕರ ಕಂಪ್ಯೂಟರ್‌ಗಳನ್ನು ಸೇರಿಸಿ ಮರ್ಸೆನ್ ಅವಿಭಾಜ್ಯ ಹುಡುಕುವ ಯೋಜನೆಯ ಮೂಲಕ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದದ್ದು, 4,10,24,320 ಅಂಕಿ. 2ರ ಘಾತದಿಂದ 1 ಕಳೆದ ಇಂಥವಕ್ಕೆ ಮರ್ಸೆನ್ ಸಂಖ್ಯೆ ಎಂದು ಹೆಸರು. ಈ ಆಕಾರದಲ್ಲಿ ಘಾತ ಅವಿಭಾಜ್ಯ ಆಗಿರಲೇಬೇಕು, ಆದರೆ ಅಷ್ಟಕ್ಕೇ ಸಾಕಾಗದು. 2¹¹ − 1 ಅಂದರೆ ಮೇಲೆ ಬಂದ ಅದೇ 2047.

ಪರೀಕ್ಷೆಯ ಹೆಸರು ಲೂಕಾ–ಲೆಹ್ಮರ್. 4ರಿಂದ ಶುರು ಮಾಡಿ. ವರ್ಗ ಮಾಡಿ 2 ಕಳೆಯಿರಿ, ಶೇಷ ತೆಗೆಯಿರಿ. 'ಘಾತ ಕಳೆ 2' ಸಲ ಹೀಗೆ ಮಾಡಿದಾಗ 0 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಇಲ್ಲಿ ಬಹುಶಃ ಇಲ್ಲ. ಶೇಷಕ್ಕೆ ಭಾಗಾಕಾರವೂ ಬೇಡ ಅನ್ನುವುದು ಇದರ ಸೊಗಸು. 2⁷ − 1 = 127 ನೋಡಿ. 128 ಅಂದರೆ 127ರ ಲೆಕ್ಕದಲ್ಲಿ 1, ಹಾಗಾಗಿ 128ರ ಮೇಲಿನ ಭಾಗವನ್ನು ಕತ್ತರಿಸಿ ಕೆಳಗಿನ ಭಾಗಕ್ಕೆ ಕೂಡಿಸಿದರೆ ಆಯಿತು.

4 → 14
14² − 2 = 194 = 1 × 128 + 66 → 67
67² − 2 = 4487 = 35 × 128 + 7 → 42
42² − 2 = 1762 = 13 × 128 + 98 → 111
111² − 2 = 12,319 = 96 × 128 + 31 → 127 → 0

ಐದು ಹೆಜ್ಜೆ, ಸೊನ್ನೆ. 127 ಅವಿಭಾಜ್ಯ. ಹೆಜ್ಜೆ ಎಣಿಸುವಾಗ ಒಂದು ತಪ್ಪಿದರೂ ಉತ್ತರ ಹಾಳು. ಪ್ರೋಗ್ರಾಂ ಬರೆದ ಮೇಲೆ 3, 5, 7, 13, 17, 19ಕ್ಕೆ ಸೊನ್ನೆ, 11 ಮತ್ತು 23ಕ್ಕೆ ಬೇರೆ ಬರುತ್ತದೆಯೇ ಅಂತ ನೋಡಿಕೊಳ್ಳಿ.

ಗಿಂಪ್ಸ್‌ಗೆ ಸೇರಲು ಪ್ರೈಮ್95 ತಂತ್ರಾಂಶ ಸಾಕು. ಅದು ಮೊದಲು ಸಣ್ಣ ಅಪವರ್ತನ ಹುಡುಕುತ್ತದೆ. ಇಲ್ಲೂ ಆಕಾರ ಸಹಾಯಕ್ಕೆ ಬರುತ್ತದೆ: ಅಪವರ್ತನ ಯಾವುದೇ ಇರಲಿ, ಅದು ಘಾತದ ಸಮ ಗುಣಕಕ್ಕೆ 1 ಕೂಡಿಸಿದಂತಿರಬೇಕು, 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. 2047ಕ್ಕೆ ಮೊದಲ ಅಭ್ಯರ್ಥಿಯೇ 2 × 11 + 1 = 23, ಅದೇ ಒಡೆಯುತ್ತದೆ. ಆಮೇಲಿನ ಮುಖ್ಯ ಪರೀಕ್ಷೆಗೆ ಈಗ ಲೂಕಾ–ಲೆಹ್ಮರ್ ಬದಲು ಫರ್ಮಾ ಬಗೆಯದನ್ನೇ ಓಡಿಸುತ್ತಾರೆ, ಏಕೆಂದರೆ ಕೋಟಿಗಟ್ಟಲೆ ವರ್ಗಗಳ ನಡುವೆ ಯಂತ್ರದ ಒಂದು ಬಿಟ್ ತಿರುಗಿದರೂ ಹಿಡಿಯುವ ಗೆರ್ಬಿಚ್ ತಪಾಸಣೆ ಅದಕ್ಕೆ ಹೊಂದುತ್ತದೆ. ಪಾಸಾದದ್ದಕ್ಕೆ ಕೊನೆಯಲ್ಲಿ ಲೂಕಾ–ಲೆಹ್ಮರ್ ಮುದ್ರೆ.

ಒಂದು ಘಾತಕ್ಕೆ ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ದಿನಗಟ್ಟಲೆ ಹಿಡಿಯುತ್ತದೆ, ಅಷ್ಟೂ ಹೊತ್ತು ಪ್ರೊಸೆಸರ್ ಪೂರ್ತಿ ಬಿಸಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಲ್ಯಾಪ್‌ಟಾಪ್‌ನಲ್ಲಿ ಇದು ಬೇಡವೇ ಬೇಡ: ಫ್ಯಾನ್ ಎಷ್ಟೇ ತಿರುಗಿದರೂ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಹಾಸಿಗೆಯ ಮೇಲಿಟ್ಟರಂತೂ ಕೇಳುವುದೇ ಬೇಡ. ಡೆಸ್ಕ್‌ಟಾಪ್ ಆದರೂ ವರ್ಕರ್‌ಗಳನ್ನು (ಏಕಕಾಲಕ್ಕೆ ಓಡುವ ಕೆಲಸಗಳನ್ನು) ಕಡಿಮೆ ಇಟ್ಟು, ಕ್ಯಾಬಿನೆಟ್‌ನ ಧೂಳು ಊದಿಸಿ ಶುರು ಮಾಡಿ. ಕರೆಂಟ್ ಹೋದರೆ ಇಡೀ ಕೆಲಸ ಹೋಗುವುದಿಲ್ಲ. ತಂತ್ರಾಂಶ ತಾನಾಗಿಯೇ 30 ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ಪದೇ ಪದೇ ಕರೆಂಟ್ ಹೋಗುವ ಏರಿಯಾ ಆದರೆ ಅದನ್ನು 10ಕ್ಕೆ ಇಳಿಸಿಕೊಳ್ಳಿ.